ಮರುಭೂಮಿಯ ಶಾಹೀನ್, ಸಕಲೇಶಪುರದ ಬಿಜ್ಜು

ಕಳೆದ ನವೆಂಬರ್‌ನಲ್ಲಿ ನಾವು ಮೂವರು ಉಸ್ತಾದರು ಶಾರ್ಜಾಕ್ಕೆ ಹೋಗಿದ್ದೆವು. ಊರು ನೋಡಲಿಕ್ಕಲ್ಲ, ಕೆಲಸದ ಮೇಲೆ. ಸಕಲೇಶಪುರ ಮತ್ತು ಆಲೂರು ಕಡೆಯ ನಾಲ್ಕೈದು ಮದ್ರಸಗಳು ಸೇರಿ ಒಂದು ಸಣ್ಣ ಗ್ರಂಥಾಲಯ ಮಾಡಬೇಕೆಂಬುದು ಜಮಾಅತಿನವರ ಬಹುದಿನದ ಆಸೆ. ಅಲ್ಲಿ ದುಡಿಯುವ ನಮ್ಮೂರವರು, "ಪುಸ್ತಕ ಮೇಳದ ಹೊತ್ತಿಗೆ ಬನ್ನಿ ಉಸ್ತಾದ್, ಕಿತಾಬುಗಳನ್ನು ಕಣ್ಣಾರೆ ನೋಡಿ ಆರಿಸಿ" ಎಂದು ಟಿಕೆಟ್ ಕಳಿಸಿದ್ದರು. ಶಾರ್ಜಾದ ಎಕ್ಸ್‌ಪೋ ಸೆಂಟರಿನಲ್ಲಿ ಪ್ರತಿವರ್ಷ ನಡೆಯುವ ಆ ಮೇಳದಲ್ಲಿ ಅರಬಿ ಕಿತಾಬುಗಳ ಸಾಲುಗಳಲ್ಲಿ ನಡೆದು ನಡೆದು ನಮ್ಮ ಕಾಲು ಊದಿಕೊಂಡಿತ್ತು.

ಶುಕ್ರವಾರ ಮೇಳ ತೆರೆಯುವುದು ಸಂಜೆಗೆ. ಹಾಗಾಗಿ ಬೆಳಗ್ಗೆ ಬಿಡುವು. ಗುರುವಾರ ರಾತ್ರಿ ನಮ್ಮ ಕೋಣೆಗೆ ಒಬ್ಬ ಸಹೋದರ ಬಂದರು. ಆಲೂರು ಕಡೆಯವರು. ಅವರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದು ಮೆಣಸು, ಅಡಿಕೆ ವ್ಯಾಪಾರಕ್ಕೆ ನಿಂತವರು. ಅವರ ಮಗ ನಮ್ಮ ಮದ್ರಸದಲ್ಲೇ ಏಳನೇ ತರಗತಿ. "ಸುಬಹಿ ನಮಾಝ್ ಮುಗಿಸಿ ತಯಾರಾಗಿರಿ ಉಸ್ತಾದ್. ನನ್ನ ಕೆಲಸ ಏನು ಅಂತ ತೋರಿಸ್ತೇನೆ. ಜುಮಾಕ್ಕೆ ಮೊದಲು ವಾಪಸ್ ಬಿಡ್ತೇನೆ" ಅಂದರು.

ಅವರ ಕೆಲಸವೇನೆಂದು ಊರಲ್ಲಿ ಸರಿಯಾಗಿ ಗೊತ್ತಿದ್ದವರು ಕಡಿಮೆ. "ಅರಬಿ ಮನೆಯಲ್ಲಿ ಕೆಲಸ" ಅಂತ ಮನೆಯವರು ಹೇಳುತ್ತಿದ್ದರು. ಹನ್ನೊಂದು ವರ್ಷದ ಹಿಂದೆ ಅಡುಗೆ ಸಹಾಯಕನಾಗಿ ಹೋದವರು ಈಗ ಒಬ್ಬ ಅರಬಿಯ ತೋಟದಲ್ಲಿ ಡೇಗೆ ಹಕ್ಕಿಗಳನ್ನು ನೋಡಿಕೊಳ್ಳುತ್ತಾರೆ. ಅರಬಿಯಲ್ಲಿ ಅಂಥವರಿಗೆ ಸಕ್ಕಾರ್ ಎನ್ನುತ್ತಾರೆ.

ಮರಳಿನಲ್ಲಿ ಒಂದು ಬೆಳಗು

ಅಲ್ ಧೈದ್ ದಾಟಿ ಮರಳಿನ ದಾರಿಗೆ ಇಳಿದಾಗ ಇನ್ನೂ ಸೂರ್ಯ ಮೂಡಿರಲಿಲ್ಲ. ಜೀಪಿನ ಹಿಂದೆ ಮೂರು ಹಕ್ಕಿಗಳು. ಮೊಳೆಯ ಹಾಗೆ ಮರಳಿಗೆ ಚುಚ್ಚಿ ನಿಲ್ಲಿಸುವ, ತಲೆ ಅಗಲವಿರುವ ಒಂದು ಕಟ್ಟೆಯ ಮೇಲೆ ಅವು ಕೂರುತ್ತವೆ. ಅದರ ಹೆಸರು ವಕ್ರ್. ಹಕ್ಕಿಯ ಕಣ್ಣು ಮುಚ್ಚುವ ಚರ್ಮದ ಸಣ್ಣ ಟೊಪ್ಪಿಗೆ ಬುರ್ಕಾ ಅಂತ ಹೆಸರು. ನಮಗೆ ನಗು ಬಂತು. ಉಗುರು ತಾಗದಂತೆ ಮುಂಗೈಗೆ ತೊಡುವ ದಪ್ಪ ಬಟ್ಟೆಯ ತೋಳಿನ ಹೆಸರು ಕೇಳಿ ಇನ್ನೂ ನಗು ಬಂತು. ಅದು ಮಂಗಲ! "ನಮ್ಮೂರ ಹೆಸರೇ ಅಲ್ವಾ ಉಸ್ತಾದ್" ಅಂದರು ಸಹೋದರ.

ಬುರ್ಕಾ ಹಾಕಿದರೆ ಹಕ್ಕಿ ಶಾಂತ. ಅದಕ್ಕೆ ಕಂಡದ್ದೆಲ್ಲ ಗಾಬರಿ. ಕಾಣದಿದ್ದರೆ ರಾತ್ರಿ ಎಂದುಕೊಂಡು ಸುಮ್ಮನೆ ಕೂರುತ್ತದೆ. ಹಾರಿಸುವ ಮೊದಲು ಅವರು ಒಂದೊಂದನ್ನೂ ತಕ್ಕಡಿಯಲ್ಲಿ ತೂಗಿದರು. ಗ್ರಾಂ ಲೆಕ್ಕ. ಚಿನ್ನದಂಗಡಿಯಲ್ಲಿ ತೂಗಿದ ಹಾಗೆ ಚೀಟಿಯಲ್ಲಿ ಬರೆದುಕೊಂಡರು. ಹೊಟ್ಟೆ ತುಂಬಿದ ಡೇಗೆ ಹಾರಿಹೋದರೆ ಕರೆದರೂ ಬರಲ್ಲ. ತೀರಾ ಹಸಿದದ್ದಕ್ಕೆ ಹಾರುವ ಶಕ್ತಿಯಿಲ್ಲ. ಇವೆರಡರ ನಡುವಿನ ತೂಕ ಹಿಡಿಯುವುದೇ ಸಕ್ಕಾರನ ಮೊದಲ ಪಾಠವಂತೆ.

ಮೂರರಲ್ಲಿ ಎರಡು ಸಕ್ರ್ ಜಾತಿಯವು, ಒಂದು ಶಾಹೀನ್. ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇಡುವ ಹೆಸರು, ಇಕ್ಬಾಲರ ಕವನಗಳಲ್ಲಿ ಮತ್ತೆ ಮತ್ತೆ ಬರುವ ಹಕ್ಕಿ ಇದೇ. ಮೂರೂ ಹೆಣ್ಣು ಹಕ್ಕಿಗಳು. ಡೇಗೆಗಳಲ್ಲಿ ಹೆಣ್ಣೇ ದೊಡ್ಡದು, ಬಲವೂ ಅದಕ್ಕೇ ಹೆಚ್ಚು. ಗಂಡು ಸುಮಾರು ಮೂರನೇ ಒಂದು ಭಾಗ ಚಿಕ್ಕದು.

ಸಹೋದರ ಶಾಹೀನಿನ ಬುರ್ಕಾ ತೆಗೆದರು. ಕಪ್ಪು ಕಣ್ಣು ಸುತ್ತ ನೋಡಿತು. ಅವರ ಜೊತೆಗಾರರು, ಒಬ್ಬ ಬಲೂಚಿ ಹಿರಿಯರು, ಮುನ್ನೂರು ನಾನೂರು ಮೀಟರ್ ದೂರ ನಿಂತು ಗರಿಗಳ ಕಟ್ಟೊಂದನ್ನು ಹಗ್ಗದ ತುದಿಯಲ್ಲಿ ತಿರುಗಿಸತೊಡಗಿದರು. ಅದರ ಹೆಸರು ತಿಲ್ವಾ. ಅದನ್ನು ನೋಡಿದ ಹಕ್ಕಿ ಕೈ ಬಿಟ್ಟು ಹೊರಟಿತು. ಮೊದಲು ನೆಲಕ್ಕೆ ತಾಗುವಷ್ಟು ಕೆಳಗೆ, ಮರಳಿನ ಬಣ್ಣದಲ್ಲೇ ಮಾಯ. ಮತ್ತೆ ಮೇಲೆ, ಮೇಲೆ, ಒಂದು ಚುಕ್ಕಿ. ಆಮೇಲೆ ರೆಕ್ಕೆ ಮಡಚಿ ಕಲ್ಲು ಬಿದ್ದ ಹಾಗೆ ಕೆಳಗೆ. ಈ ಜಾತಿ ಹೀಗೆ ಎರಗುವಾಗ ಗಂಟೆಗೆ 300 ಕಿಲೋಮೀಟರಿಗೂ ಹೆಚ್ಚು ವೇಗ ಮುಟ್ಟುತ್ತದೆ. ಜಗತ್ತಿನ ಯಾವ ಪ್ರಾಣಿಗೂ ಈ ವೇಗವಿಲ್ಲ. ಗಾಳಿ ಹರಿದ ಸದ್ದು ನಮಗೆ ಕೇಳಿಸಿತು. "ಸುಬ್‌ಹಾನಲ್ಲಾಹ್" ಎಂದು ಮೂವರ ಬಾಯಿಂದಲೂ ಒಟ್ಟಿಗೆ ಬಂತು.

ದಿನಾ ಮಲಗುವ ಮುಂಚೆ ನಾವು ಓದುವ ತಬಾರಕ ಸೂರಾದಲ್ಲಿ, ತಮ್ಮ ಮೇಲೆ ರೆಕ್ಕೆ ಹರಡುತ್ತ ಮಡಚುತ್ತ ಹಾರುವ ಹಕ್ಕಿಗಳನ್ನು ಜನ ನೋಡುವುದಿಲ್ಲವೇ, ಅವನ್ನು ಆಕಾಶದಲ್ಲಿ ಹಿಡಿದು ನಿಲ್ಲಿಸಿದವನು ರಹ್ಮಾನನೇ ಎಂಬ ಅರ್ಥದ ಆಯತ್ ಇದೆ. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತ ಬಂದಿದ್ದೇವೆ. ಆ ಬೆಳಗಿನವರೆಗೆ ನಾವೇ ತಲೆಯೆತ್ತಿ ನೋಡಿರಲಿಲ್ಲ ಎಂದು ಒಪ್ಪಿಕೊಳ್ಳಬೇಕು.

ಆಮೇಲೆ ನಮ್ಮ ಕೈಗೂ ಮಂಗಲ ತೊಡಿಸಿದರು. ಒಂದು ಕಿಲೋ ಆಸುಪಾಸಿನ ತೂಕ. ಆದರೆ ಕೈ ನಡುಗಿದ್ದು ತೂಕಕ್ಕಲ್ಲ. ಹಕ್ಕಿ ನಮ್ಮ ಮುಖವನ್ನೇ ನೋಡುತ್ತಿತ್ತು. "ಹೆದರಬೇಡಿ ಉಸ್ತಾದ್, ನೀವು ಹೆದರಿದ್ದು ಅದಕ್ಕೆ ಕಾಲಿನಲ್ಲೇ ಗೊತ್ತಾಗ್ತದೆ" ಅಂದರು. ನಾವು ಬಿಟ್ಟೆವು, ಅದು ಹೋಯಿತು. ಒಂದು ಕ್ಷಣ ಅದು ದಿಕ್ಕು ಬದಲಿಸಿ ದೂರ ಸರಿದಾಗ ನಮ್ಮ ಎದೆ ಧಸಕ್ಕೆಂದಿತು. ಅದರ ಬೆಲೆ ನಮ್ಮ ಎಷ್ಟು ವರ್ಷದ ಸಂಬಳವೋ! ಆದರೆ ತಿಲ್ವಾ ತಿರುಗಿತು, ಹಕ್ಕಿ ಮರಳಿತು. ಹಗ್ಗವಿಲ್ಲ, ಪಂಜರವಿಲ್ಲ. ಬೇಕೆಂದಿದ್ದರೆ ಹೋಗಬಹುದಿತ್ತು.

ಹಕ್ಕಿಗೂ ಪಾಸ್‌ಪೋರ್ಟ್

ಸುಲೈಮಾನಿ ಕುಡಿಯುತ್ತ ಸಹೋದರ ಹೇಳಿದ ಸಂಗತಿಗಳು ನಮಗೆಲ್ಲ ಹೊಸತು. ಹಿಂದೆ ಬದುವಿಗಳು ವಲಸೆ ಬರುವ ಡೇಗೆಗಳನ್ನು ಹಿಡಿದು, ಚಳಿಗಾಲ ಪೂರ್ತಿ ಅದರಿಂದ ಹುಬಾರಾ ಹಕ್ಕಿ, ಮೊಲ ಬೇಟೆಯಾಡಿ ಮಕ್ಕಳಿಗೆ ಮಾಂಸ ತಿನ್ನಿಸಿ, ಬೇಸಿಗೆಗೆ ಮುಂಚೆ ಹಕ್ಕಿಯನ್ನು ಬಿಟ್ಟುಬಿಡುತ್ತಿದ್ದರಂತೆ. ಈಗ ಹೊಟ್ಟೆಪಾಡಿಗೆ ಬೇಟೆ ಬೇಕಿಲ್ಲ. ಕಾಡಿನ ಹಕ್ಕಿ ಹಿಡಿಯುವಂತಿಲ್ಲ. ಹೆಚ್ಚಿನವು ಸಾಕಣೆ ಕೇಂದ್ರದಲ್ಲೇ ಮೊಟ್ಟೆಯೊಡೆದು ಬಂದವು. ಕಾಲಿಗೆ ನಂಬರಿನ ಉಂಗುರ. ಎಮಿರೇಟ್ಸ್‌ನಲ್ಲಿ 2002ರಿಂದ ಡೇಗೆಗಳಿಗೆ ಪಾಸ್‌ಪೋರ್ಟ್ ಕೊಡುತ್ತಾರೆ. ವಿಮಾನದಲ್ಲಿ ಮನುಷ್ಯರ ಪಕ್ಕದಲ್ಲೇ ಕೂತು ಹೋಗುತ್ತವೆ. ಅಬುಧಾಬಿಯಲ್ಲಿ 1999ರಿಂದ ಇವಕ್ಕಾಗಿಯೇ ಆಸ್ಪತ್ರೆ ಇದೆ. ಮುರಿದ ಗರಿಗೆ ಬೇರೆ ಗರಿ ಜೋಡಿಸುತ್ತಾರೆ. ಶೇಖ್ ಝಾಯಿದ್ ಅವರು 1995ರಲ್ಲಿ ಶುರುಮಾಡಿದ ಯೋಜನೆಯಲ್ಲಿ ಪ್ರತಿವರ್ಷ ಒಂದಷ್ಟು ಹಕ್ಕಿಗಳನ್ನು ಕಾಡಿಗೆ ಮರಳಿಸುತ್ತಾರೆ. ಯುನೆಸ್ಕೊ 2010ರಲ್ಲಿ ಈ ವಿದ್ಯೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಆಗ 11 ದೇಶಗಳ ಹೆಸರಿತ್ತು, 2021ರ ಹೊತ್ತಿಗೆ 24 ಆಯಿತು.

"ಹಕ್ಕಿಯ ಪಾಸ್‌ಪೋರ್ಟ್ ನನ್ನ ಹತ್ರ ಇರ್ತದೆ ಉಸ್ತಾದ್. ನನ್ನದು ಮಾತ್ರ ರಜೆ ಸಿಕ್ಕಾಗಲೇ ಕೈಗೆ ಬರೋದು" ಎಂದು ಅವರು ನಕ್ಕರು. ನಾವು ನಗಲಿಲ್ಲ. ಅವರು ಊರಿಗೆ ಬಂದು ಎರಡೂವರೆ ವರ್ಷ ದಾಟಿತ್ತು. ಚಳಿಗಾಲ ಹಕ್ಕಿ ಹಾರಿಸುವ ಕಾಲ, ರಜೆ ಕೇಳುವಂತಿಲ್ಲ. ಬೇಸಿಗೆಯಲ್ಲಿ ಹಕ್ಕಿ ಗರಿ ಉದುರಿಸುತ್ತ ಎಸಿ ಕೋಣೆಯಲ್ಲಿ ಕೂತಾಗ ಮಾತ್ರ ಬಿಡುವು. ಹಾಗಾಗಿ ಅವರು ಊರಿಗೆ ಬಂದಾಗಲೆಲ್ಲ ಜೂನ್, ಜುಲೈ. ಧೋ ಎಂದು ಮಳೆ. "ಹನ್ನೊಂದು ವರ್ಷ ಆಯ್ತು ಕಾಫಿ ಹೂ ಬಿಟ್ಟದ್ದು ನೋಡದೆ. ಹೂಮಳೆ ಬಿದ್ದ ಮಾರನೇ ವಾರದ ಆ ಪರಿಮಳ ಇದೆಯಲ್ಲ..." ಎಂದು ಮಾತು ನಿಲ್ಲಿಸಿದರು.

ಹೊರಡುವಾಗ ತಮ್ಮ ಹಳೆಯ ಮಂಗಲವೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ಉಗುರಿನ ಗೀರು ತುಂಬಿದ್ದು. "ಮಗನಿಗೆ ಕೊಡಿ. ಬಾಪನ ಕೆಲಸದ ಕೋಟು ಅಂತ ಹೇಳಿ." ಜುಮಾಕ್ಕೆ ಹೊತ್ತಿಗೆ ಸರಿಯಾಗಿ ಮಸೀದಿಗೆ ತಂದು ಬಿಟ್ಟರು.

ನಮ್ಮ ಬೆಟ್ಟದ ಡೇಗೆಗಳು

ಊರಿಗೆ ಬಂದು ಒಂದು ಭಾನುವಾರ ಮಕ್ಕಳನ್ನು ಮಂಜರಾಬಾದ್ ಕೋಟೆಗೆ ಕರೆದುಕೊಂಡು ಹೋದೆವು. ಟಿಪ್ಪು ಸುಲ್ತಾನರು 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಾಕಾರದ ಕೋಟೆ. ಮುಂಚೆಯೆಲ್ಲ ಗೋಡೆ, ಮದ್ದಿನ ಕೋಣೆ ತೋರಿಸಿ ಕರೆತರುತ್ತಿದ್ದೆವು. ಈ ಸಲ ಗೋಡೆಯ ಮೇಲೆ ಕೂತು ಆಕಾಶ ನೋಡಿ ಅಂದೆವು. ಕಣಿವೆಯಿಂದ ಬಿಸಿಗಾಳಿ ಏರುವ ಹೊತ್ತಿಗೆ ಒಂದೊಂದೇ ಹಕ್ಕಿ ಮೇಲೆದ್ದವು. ಕೆಂಪು ಮೈ, ಬಿಳಿ ತಲೆಯ ಗರುಡ, ಕಾಫಿ ತೋಟದ ಮೇಲೆ ಸೀಟಿ ಹೊಡೆದ ಹಾಗೆ ಕೂಗುವ ಹಾವುಗಿಡುಗ, ಕರಿ ಹದ್ದು. ಅರಬರ ಶಾಹೀನಿನ ತಂಗಿಯಂಥದ್ದೊಂದು ನಮ್ಮ ಪಶ್ಚಿಮ ಘಟ್ಟದ ಕಡಿದಾದ ಬಂಡೆಗಳಲ್ಲೂ ಗೂಡು ಮಾಡುತ್ತದೆ. ಪಕ್ಷಿತಜ್ಞರೂ ಅದನ್ನು ಶಾಹೀನ್ ಎಂದೇ ಕರೆಯುತ್ತಾರೆ.

ಹಕ್ಕಿಯಿಂದ ಬೇಟೆಯಾಡಿಸುವುದು ನಮ್ಮ ನಾಡಿಗೂ ಹೊಸತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ 'ಮಾನಸೋಲ್ಲಾಸ'ದಲ್ಲಿ ಡೇಗೆಯ ಬೇಟೆಗೆ ಒಂದು ಭಾಗವೇ ಇದೆ. ಹಳಗನ್ನಡದಲ್ಲಿ ಸಾಳುವ ಅಂದರೆ ಬೇಟೆಯ ಡೇಗೆ. ವಿಜಯನಗರ ಆಳಿದ ಸಾಳುವ ವಂಶದ ಹೆಸರಿನಲ್ಲೂ ಅದೇ ಹಕ್ಕಿ ಕೂತಿದೆ. ಅರಮನೆಗಳು ಹೋದವು, ಆ ವಿದ್ಯೆಯೂ ಹೋಯಿತು. ಇಂದು ನಮ್ಮ ದೇಶದಲ್ಲಿ ಗಿಡುಗ, ಹದ್ದು, ಡೇಗೆ ಯಾವುದನ್ನೂ ಹಿಡಿಯುವಂತಿಲ್ಲ, ಸಾಕುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಗಿಡುಗದ ಕುಲವನ್ನು ಮೊದಲ ಪಟ್ಟಿಯಲ್ಲಿಟ್ಟಿದೆ. ಹುಲಿ, ಆನೆ ಇರುವ ಪಟ್ಟಿ ಅದು. ತಪ್ಪಿತಸ್ಥರಿಗೆ 3 ವರ್ಷಕ್ಕೆ ಕಡಿಮೆಯಿಲ್ಲದ, 7 ವರ್ಷದವರೆಗಿನ ಜೈಲು.

ಇಷ್ಟನ್ನು ನಾವು ಅಂದು ಮಕ್ಕಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಮರುಭೂಮಿಯ ಕತೆ ಹೇಳಿದೆವು, ಫೋನಿನ ವೀಡಿಯೊ ತೋರಿಸಿದೆವು. ಆ ಹುಡುಗನಿಗೆ ಎಲ್ಲರೆದುರು ಮಂಗಲ ಕೊಟ್ಟೆವು. ಅವನು ಅದನ್ನು ಕೈಗೆ ತೊಟ್ಟುಕೊಂಡೇ ಬೆಟ್ಟ ಇಳಿದ.

ಕೋಳಿಗೂಡಿನ ಹಿಂದೆ

ಏಪ್ರಿಲ್‌ನಲ್ಲಿ ತೋಟಗಳಲ್ಲಿ ಮರಗಸಿ ನಡೆಯುತ್ತಿತ್ತು. ಸಿಲ್ವರ್ ಮರದ ಕೊಂಬೆಯ ಜೊತೆ ಒಂದು ಗೂಡು ಬಿತ್ತು. ಬಿಜ್ಜುವಿನ ಗೂಡು. ಪಾರಿವಾಳದಷ್ಟೇ ದೊಡ್ಡದಾದ, ನಮ್ಮ ಕೋಳಿಮರಿಗಳ ಮೇಲೆ ಕಣ್ಣಿಡುವ ಸಣ್ಣ ಗಿಡುಗ ಅದು. ಒಂದು ಮರಿ ಬದುಕಿತ್ತು. ಮೈಮೇಲೆ ಬಿಳಿ ತುಪ್ಪುಳು, ರೆಕ್ಕೆಯಲ್ಲಿ ಆಗಷ್ಟೇ ಕಂದು ಗರಿ ಮೂಡುತ್ತಿತ್ತು. ಹುಡುಗ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಮನೆಗೆ ತಂದ.

ನಮಗೆ ಗೊತ್ತಾದದ್ದು ಮೂರನೇ ದಿನ, ಅವನ ಉಮ್ಮ ಹೇಳಿ ಕಳಿಸಿದಾಗ. ಹೋಗಿ ನೋಡಿದರೆ ಕೋಳಿಗೂಡಿನ ಹಿಂದೆ ಕೋಲು ನೆಟ್ಟು, ಮರಿಯ ಕಾಲಿಗೆ ನೈಲಾನ್ ದಾರ ಕಟ್ಟಿ ಕೂರಿಸಿದ್ದ. ಕಣ್ಣಿಗೆ ಬಟ್ಟೆ ತುಂಡಿನ ಬುರ್ಕಾ. ಎದುರಿಗೆ ಹಾಲಲ್ಲಿ ನೆನೆಸಿದ ಬ್ರೆಡ್ಡು. ದಾರ ಕೊರೆದು ಕಾಲು ಊದಿತ್ತು. ಫೋನಿನ ಸ್ಟೇಟಸ್ಸಿನಲ್ಲಿ 'ನನ್ನ ಶಾಹೀನ್' ಎಂದು ಹಾಕಿ ಊರಿಗೆಲ್ಲ ಸಾರಿಯಾಗಿತ್ತು. ಒಬ್ಬರು ಫೋನ್ ಮಾಡಿ ದೂರು ಕೊಟ್ಟಿದ್ದರೆ ಮನೆಗೆ ಇಲಾಖೆಯವರು ಬರುತ್ತಿದ್ದರು. ಗಂಡಸರಿಲ್ಲದ ಮನೆ. ಆ ಉಮ್ಮ ಸೆರಗಿನ ತುದಿ ಕಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಬಿಟ್ಟುಬಿಡು ಮೋನೇ" ಅಂದೆವು.

"ಬಾಪ ಬರುವಷ್ಟರಲ್ಲಿ ಕಲಿಸ್ತೇನೆ ಉಸ್ತಾದ್. ಜೂನ್‌ನಲ್ಲಿ ಬರ್ತಾರೆ. ಬಂದಾಗ ಕೈಮೇಲೆ ಕೂರಿಸಿ ತೋರಿಸ್ತೇನೆ."

"ಅದು ತಪ್ಪು ಮೋನೇ."

"ಬಾಪ ಮಾಡಿದ್ರೆ ಹಲಾಲ್, ನಾನು ಮಾಡಿದ್ರೆ ಹರಾಮಾ?"

ಈ ಪ್ರಶ್ನೆಗೆ ಗದರಿ ಬಾಯಿ ಮುಚ್ಚಿಸಬಹುದಿತ್ತು. ಆದರೆ ಅವನು ಕೇಳಿದ್ದು ನ್ಯಾಯವಾಗಿತ್ತು. ವೀಡಿಯೊ ತೋರಿಸಿದ್ದು ನಾವು, ಮಂಗಲ ತಂದುಕೊಟ್ಟದ್ದು ನಾವು. ಕೋಳಿಗೂಡಿನ ಪಕ್ಕದಲ್ಲೇ ಕಲ್ಲಿನ ಮೇಲೆ ಕೂತು ಅವನಿಗೆ ಹೇಳಿದ್ದನ್ನು ಇಲ್ಲಿ ಎಲ್ಲ ಮನೆಗಳಿಗಾಗಿ ಬರೆಯುತ್ತಿದ್ದೇವೆ.

ಹುಡುಗನಿಗೆ ಹೇಳಿದ್ದು

ಒಂದನೆಯದು. ಬೇಟೆಯ ಪ್ರಾಣಿ ಪಕ್ಷಿಗಳಿಗೆ ಕಲಿಸಿ, ಅವು ಹಿಡಿದು ತಂದದ್ದನ್ನು ಅಲ್ಲಾಹನ ಹೆಸರು ಹೇಳಿ ತಿನ್ನಲು ಸೂರಾ ಅಲ್ ಮಾಇದಾದಲ್ಲಿ ಅನುಮತಿ ಇದೆ. ಅಲ್ಲಿ ಮುಖ್ಯವಾದದ್ದು ಕಲಿಸುವುದು. ದರ್ಸ್‌ನಲ್ಲಿ ನಾವು ಓದುವ ಅಬೂ ಶುಜಾಅರ ಕಿತಾಬಿನಲ್ಲಿ ಅದಕ್ಕೆ ನಾಲ್ಕು ಶರ್ತಗಳು. ಕಳಿಸಿದರೆ ಹೋಗಬೇಕು. ತಡೆದರೆ ನಿಲ್ಲಬೇಕು. ಹಿಡಿದದ್ದನ್ನು ತಾನು ತಿನ್ನಬಾರದು. ಇದು ಒಂದು ಸಲವಲ್ಲ, ಮತ್ತೆ ಮತ್ತೆ ಕಂಡುಬರಬೇಕು. ಇದು ಹಸಿದ ಜನರ ಹೊಟ್ಟೆಪಾಡಿಗೆ ಸಿಕ್ಕ ಅನುಮತಿ. ಅದರಲ್ಲೂ ಇಷ್ಟು ಶಿಸ್ತು. ದಾರ ಕಟ್ಟಿ ಕೂರಿಸಿ ಫೋಟೊ ತೆಗೆಯುವುದು ಇದರಲ್ಲಿ ಎಲ್ಲೂ ಬರುವುದಿಲ್ಲ.

ಎರಡನೆಯದು. ಹಕ್ಕಿ ಸಾಕುವುದೇ ತಪ್ಪಾ ಎಂದರೆ ಹಾಗಲ್ಲ. ಪುಟ್ಟ ಅಬೂ ಉಮೈರ್‌ಗೆ ಒಂದು ಸಣ್ಣ ಹಕ್ಕಿಯಿತ್ತು. ಅದರ ಬಗ್ಗೆ ಪ್ರವಾದಿ(ಸ.ಅ.)ರು ಆ ಮಗುವಿನ ಜೊತೆ ತಮಾಷೆಯಾಗಿ ವಿಚಾರಿಸುತ್ತಿದ್ದರು. ಆದರೆ ಅದೇ ಪ್ರವಾದಿಯವರು ಬೆಕ್ಕನ್ನು ಅನ್ನ ನೀರಿಲ್ಲದೆ ಕಟ್ಟಿಹಾಕಿದ ಹೆಂಗಸಿನ ಶಿಕ್ಷೆಯನ್ನೂ ತಿಳಿಸಿದ್ದಾರೆ. ಬಿಜ್ಜು ಮಾಂಸ ತಿನ್ನುವ ಹಕ್ಕಿ. ಅದಕ್ಕೆ ಬ್ರೆಡ್ಡು ಇಟ್ಟರೆ ಉಪವಾಸ ಕೆಡವಿದ ಹಾಗೆಯೇ.

ಮೂರನೆಯದು. ಒಂದು ಪ್ರಯಾಣದಲ್ಲಿ ಸಹಾಬಿಗಳು ಒಂದು ಹಕ್ಕಿಯ ಎರಡು ಮರಿಗಳನ್ನು ಎತ್ತಿಕೊಂಡರು. ತಾಯಿ ಬಂದು ರೆಕ್ಕೆ ಬಡಿಯತೊಡಗಿತು. ಪ್ರವಾದಿ(ಸ.ಅ.)ರು ಬಂದು, ಮರಿಗಾಗಿ ಇದನ್ನು ಸಂಕಟಕ್ಕೆ ಈಡುಮಾಡಿದವರು ಯಾರೆಂದು ಕೇಳಿ, ಮರಿಗಳನ್ನು ಮರಳಿಸಲು ಹೇಳಿದರು. ಅಬೂದಾವೂದ್‌ನಲ್ಲಿರುವ ಹದೀಸ್ ಇದು. ಇಷ್ಟು ಹೇಳುವಾಗ ಹುಡುಗ ತಲೆ ತಗ್ಗಿಸಿದ. "ಅದರ ಉಮ್ಮ ದಿನಾ ಬರ್ತದೆ ಉಸ್ತಾದ್" ಅಂದ ಮೆಲ್ಲಗೆ. "ಹಲಸಿನ ಮರದಲ್ಲಿ ಕೂತು ಕೂಗ್ತದೆ."

ನಾಲ್ಕನೆಯದು ಕಾನೂನು. ಅದನ್ನು ಹೇಳಿ ಹೆದರಿಸಲು ಮನಸ್ಸು ಬರಲಿಲ್ಲ. ಆದರೂ ಹೇಳಿದೆವು. ನಾವಿರುವ ನಾಡಿನ ಕಾನೂನು ಪಾಲಿಸುವುದು ನಾವು ಕೊಟ್ಟ ಮಾತಿಗೆ ಸಮ.

ಆಮೇಲೆ ಅವನ ಬಾಪನಿಗೆ ಫೋನ್ ಹಚ್ಚಿದೆವು. ವೀಡಿಯೊದಲ್ಲಿ ಮರಿಯನ್ನು ನೋಡಿ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬೈಯುತ್ತಾರೆ ಎಂದುಕೊಂಡಿದ್ದೆವು. "ಮೋನೇ, ನಾನು ಈ ಕೆಲಸ ಮಾಡೋದು ಶೋಕಿಗಲ್ಲ. ನಿಮ್ಮ ಫೀಸಿಗೆ, ಅಕ್ಕನ ಮದುವೆಗೆ. ಇಲ್ಲಿ ಹಕ್ಕಿಗೆ ಡಾಕ್ಟರ್ ಇದ್ದಾರೆ, ನಿನ್ನ ಹತ್ರ ಏನಿದೆ? ದಾರ ಬಿಚ್ಚು. ಕತ್ತರಿಯಲ್ಲಿ ಕತ್ತರಿಸು, ಎಳೀಬೇಡ. ಕಣ್ಣಿನ ಬಟ್ಟೆ ಕೊನೆಗೆ ತೆಗಿ, ಇಲ್ಲಾಂದ್ರೆ ಗಾಬರಿಯಾಗ್ತದೆ. ಉಸ್ತಾದ್ ಹೇಳಿದ ಹಾಗೆ ಮಾಡು. ನಾನು ಬಂದಾಗ ಇಬ್ಬರೂ ಹೋಗಿ ಮರದ ಮೇಲೆ ನೋಡೋಣ."

ಹುಡುಗ ಅಳುತ್ತಲೇ ಕತ್ತರಿ ಹಿಡಿದ. ಮಂಗಲ ತೊಟ್ಟ ಕೈಯಲ್ಲಿ ಮರಿಯನ್ನು ಎತ್ತಿಕೊಂಡ.

ಅರಣ್ಯ ಇಲಾಖೆಗೆ ನಾವೇ ಫೋನ್ ಮಾಡಿದೆವು. ಬಂದ ಸಿಬ್ಬಂದಿ ಹುಡುಗನನ್ನು ಗದರಿಸಲಿಲ್ಲ. ಕಾಲಿಗೆ ಔಷಧಿ ಹಚ್ಚಿ, ಬಿದಿರಿನ ಬುಟ್ಟಿಗೆ ಒಣ ಕಡ್ಡಿ ಹಾಸಿ, ಹಳೆಯ ಗೂಡಿದ್ದ ಜಾಗದ ಹತ್ತಿರದ ಮರದಲ್ಲಿ ಎತ್ತರಕ್ಕೆ ಕಟ್ಟಿ ಮರಿಯನ್ನು ಇಟ್ಟರು. ಮನುಷ್ಯ ಮುಟ್ಟಿದ ಮರಿಯನ್ನು ತಾಯಿ ಸೇರಿಸಲ್ಲ ಎಂದು ನಮ್ಮಲ್ಲಿ ಹೇಳುತ್ತಾರೆ. ಅದು ಸುಳ್ಳು ಎಂದು ಅವರೇ ತಿಳಿಸಿದರು. ನಾವೆಲ್ಲ ದೂರ ಸರಿದು ತೋಟದ ಗೇಟಿನ ಹತ್ತಿರ ಕಾದೆವು. ಅಸರ್ ಬಾಂಗ್‌ಗೆ ಇನ್ನು ಸ್ವಲ್ಪ ಹೊತ್ತಿದೆ ಎನ್ನುವಾಗ ತಾಯಿ ಬಂತು. ಕಾಲಲ್ಲಿ ಒಂದು ಓತಿಕ್ಯಾತ. ಬುಟ್ಟಿಯ ಅಂಚಿನಲ್ಲಿ ಕೂತು ಎರಡೂ ಕಡೆ ನೋಡಿ ಒಳಗಿಳಿಯಿತು. ಹುಡುಗ ನಮ್ಮ ಜುಬ್ಬಾ ಹಿಡಿದುಕೊಂಡಿದ್ದ.

ಈಗ ಮದ್ರಸಗಳಿಗೆ ರಜೆ ಮುಗಿದು ತರಗತಿ ಶುರುವಾಗಿದೆ. ಪೋಷಕರಲ್ಲಿ ನಮ್ಮ ವಿನಂತಿ ಇಷ್ಟೆ. ಮರಗಸಿಯಲ್ಲಿ, ಗಾಳಿಮಳೆಯಲ್ಲಿ ಬಿದ್ದ ಮರಿಗಳನ್ನು ಮಕ್ಕಳು ಮನೆಗೆ ತಂದರೆ ಬೈದು ಬಚ್ಚಿಡಬೇಡಿ, ಫೋಟೊ ತೆಗೆದು ಹಂಚಬೇಡಿ. ಗಾಳಿಯಾಡುವ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ ಕತ್ತಲಲ್ಲಿಡಿ, ಬಾಯಿಗೆ ನೀರು, ಹಾಲು ಸುರಿಯಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಇನ್ನೊಂದು ಮಾತು. ಗಲ್ಫಿನಲ್ಲಿ ಮನೆಯವರು ಏನು ಕೆಲಸ ಮಾಡುತ್ತಾರೆಂದು ಮಕ್ಕಳಿಗೆ ಪೂರ್ತಿ ಹೇಳಿ. ವೀಡಿಯೊದಲ್ಲಿ ಹಕ್ಕಿ ಮಾತ್ರ ಕಾಣುತ್ತದೆ. ಅದನ್ನು ಹೊತ್ತ ಕೈ ಯಾರದ್ದು, ಆ ಕೈ ಎಷ್ಟು ವರ್ಷದಿಂದ ಮನೆಯ ಬಾಗಿಲು ತಟ್ಟಿಲ್ಲ ಎಂಬುದನ್ನು ನಾವೇ ಹೇಳಬೇಕು.

ಆ ಸಹೋದರನಿಗೆ ರಜೆ ಮಂಜೂರಾಗಿದೆ, ಅಲ್‌ಹಮ್ದುಲಿಲ್ಲಾಹ್. ಈ ಸಲವೂ ಮಳೆಗೇ ಬರುತ್ತಾರೆ. ಬುಟ್ಟಿ ಈಗ ಖಾಲಿಯಿದೆ. ಆದರೆ ಬೆಳಗ್ಗೆ ಮದ್ರಸಕ್ಕೆ ಬರುವಾಗ ಆ ಹುಡುಗ ಹಲಸಿನ ಮರದ ಕೆಳಗೆ ಒಂದು ನಿಮಿಷ ನಿಂತು ತಲೆಯೆತ್ತಿ ನೋಡಿಯೇ ಬರುತ್ತಾನೆ. ತಡವಾಯಿತೆಂದು ನಾವು ಅವನನ್ನು ಕೇಳುವುದಿಲ್ಲ.